ಜಗಳೂರು ದಾರಿಯ ಪಂಕ್ಚರ್ ಅಂಗಡಿ: ಫೋನ್ ಸಿಗದಿದ್ದರೆ ಚೀಟಿ ಕಳಿಸಿ

ಜಗಳೂರು ತಾಲ್ಲೂಕಿನ ಒಳರಸ್ತೆಗಳಲ್ಲಿ ಓಡಾಡುವವರಿಗೆ ಬಳ್ಳಾರಿ ಜಾಲಿಯ ಮುಳ್ಳು ಹೊಸದೇನಲ್ಲ. ರಸ್ತೆಯ ಎರಡೂ ಬದಿಗೆ ಬೆಳೆದು ನಿಂತ ಆ ಗಿಡವನ್ನು ಸವರಿದವರು ಕೊಂಬೆಗಳನ್ನು ಅಲ್ಲೇ ಬಿಟ್ಟು ಹೋದರೆ, ಎದುರಿನ ಲಾರಿಗೆ ದಾರಿ ಕೊಡಲೆಂದು ಪಕ್ಕಕ್ಕೆ ಇಳಿದ ಕಾರಿನ ಗತಿ ಏನಾಗುತ್ತದೆಂಬುದನ್ನು ಕಳೆದ ತಿಂಗಳು ನಾನೂ ನನ್ನ ಹೆಂಡತಿಯೂ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದ ಅಂಚಿನಲ್ಲಿ ಕಂಡೆವು. ಎಡಬದಿಯ ಎರಡು ಟೈರ್‌ಗಳೂ ಒಟ್ಟಿಗೆ ಕುಸಿದವು. ನಮ್ಮಲ್ಲಿದ್ದದ್ದು ಒಂದೇ ಸ್ಟೆಪ್ನಿ. ಸಂಜೆ ಆರು ಗಂಟೆಯಾಗಿತ್ತು, ಇಬ್ಬರ ಫೋನಿನಲ್ಲೂ ಸಿಗ್ನಲ್ ಇರಲಿಲ್ಲ. ಆ ಹೊತ್ತಿನಲ್ಲಿ ನಮಗೆ ಒದಗಿದ್ದು ಹನ್ನೊಂದು ಕಿಲೋಮೀಟರ್ ದೂರದ ಒಂದು ಪಂಕ್ಚರ್ ಅಂಗಡಿ. ಈ ಬರಹ ಅದರ ಸೇವೆಯ ಕುರಿತಾದದ್ದು.

ಮೊದಲು ನೆನಪಾದದ್ದು ಕಾರಿನ ವಿಮೆಯ ಜೊತೆಗೆ ಹಣ ಕೊಟ್ಟು ಪಡೆದಿದ್ದ ‘ರಸ್ತೆ ಬದಿ ನೆರವು’. ನಾನು ದಿಬ್ಬವೊಂದನ್ನು ಹತ್ತಿ, ಕ್ಷಣಕಾಲ ಕಾಣಿಸಿಕೊಂಡ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕರೆ ಮಾಡಿದಾಗ, ಮೊಬೈಲಿಗೆ ಲಿಂಕ್ ಕಳಿಸುತ್ತೇವೆ, ಅದನ್ನು ಒತ್ತಿ ನೀವಿರುವ ಜಾಗವನ್ನು ತಿಳಿಸಿ ಎಂಬ ಉತ್ತರ ಬಂತು. ಇಂಟರ್ನೆಟ್ಟೇ ಇಲ್ಲದ ಕಡೆ ಲಿಂಕ್ ತೆರೆಯುವುದು ಹೇಗೆಂದು ಕೇಳುವಷ್ಟರಲ್ಲಿ ಕರೆ ಕಡಿದುಹೋಯಿತು. 1033 ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ. ದಾವಣಗೆರೆ–ಚಿತ್ರದುರ್ಗದ ನಡುವೆ 48ನೇ ಹೆದ್ದಾರಿಯಲ್ಲಿ ಕೆಟ್ಟು ನಿಂತವರಿಗೆ ಅದು ಇದೆ, ನಾವಿದ್ದ ರಸ್ತೆಗೆ ಅಲ್ಲ. ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಕಾಣಿಸಿದರೆ ನಮ್ಮ ಕಂಪನಿಯ ಟವರ್ ಸಿಗದಿದ್ದರೂ ಬೇರೆ ಕಂಪನಿಯದು ಸಿಗುತ್ತಿದೆ ಎಂದರ್ಥ, ಆಗ 112ಕ್ಕೆ ಕರೆ ಹೋಗುತ್ತದೆ. ಕಾರಿನ ಬಳಿ ನಮಗೆ ಅದೂ ಕಾಣಿಸಲಿಲ್ಲ.

ಅರ್ಧ ಗಂಟೆಯ ನಂತರ ಬಂದ ಹಾಲಿನ ಗಾಡಿಯ ಚಾಲಕ ತಾನಾಗಿಯೇ ನಿಲ್ಲಿಸಿ, “ಚೀಟಿ ಬರದು ಕೊಡ್ರಿ ಸರ್, ಮುಂದೆ ನಮ್ಮ ಪಂಕ್ಚರ್ ಅಣ್ಣಂಗೆ ಕೊಟ್ಟು ಹೋಗ್ತೀನಿ. ಟೈರ್ ಸೈಜು, ಕಲ್ಲಿನ ನಂಬರು ಮರೀಬ್ಯಾಡ್ರಿ” ಎಂದ. ಕಲ್ಲು ಎಂದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು. ಹಳದಿ ತಲೆಯದು ರಾಷ್ಟ್ರೀಯ ಹೆದ್ದಾರಿಯದು, ಹಸಿರು ತಲೆಯದು ರಾಜ್ಯ ಹೆದ್ದಾರಿಯದು ಎಂಬಷ್ಟು ನನಗೆ ತಿಳಿದಿತ್ತು. ಆದರೆ ಅದರ ಮೇಲೆ ಬರೆದ ಊರು ಮತ್ತು ದೂರವೇ ಒಬ್ಬ ಮೆಕ್ಯಾನಿಕ್‌ಗೆ ಸಾಕಾಗುವ ವಿಳಾಸ ಎಂಬುದು ಹೊಳೆದಿರಲಿಲ್ಲ. ಟಾರ್ಚ್ ಹಿಡಿದು ನಡೆದು ಕಲ್ಲನ್ನು ಹುಡುಕಿ ಬರೆದುಕೊಟ್ಟೆ.

ಚೀಟಿ ಹೋಗಿ ಒಂದು ಗಂಟೆ ಹತ್ತು ನಿಮಿಷಕ್ಕೆ ಅಂಗಡಿಯವರು ಬೈಕಿನಲ್ಲಿ ಬಂದರು. ಗಾಳಿ ತುಂಬುವ ಸಣ್ಣ ಕಾಂಪ್ರೆಸರ್, ಜಾಕಿ, ವೀಲ್ ಪಾನಾ, ಟ್ಯೂಬ್‌ಲೆಸ್ ಟೈರಿನ ತೂತಿಗೆ ತುರುಕಿ ಮುಚ್ಚುವ ರಬ್ಬರ್ ಬತ್ತಿ, ಹಣೆಗೆ ಕಟ್ಟುವ ದೀಪ ಎಲ್ಲವೂ ಒಂದೇ ಚೀಲದಲ್ಲಿದ್ದವು. ಕೆಲಸಕ್ಕೆ ಕೈಹಾಕುವ ಮೊದಲು ಅವರು ಎರಡೂ ಟೈರ್‌ಗಳ ಮೇಲೆ ನೀರು ಸುರಿದು, ಗುಳ್ಳೆ ಏಳುವ ಜಾಗಗಳನ್ನು ಒಂದೊಂದಾಗಿ ನನಗೆ ತೋರಿಸಿದರು. ಹಿಂದಿನ ಟೈರಿನಲ್ಲಿ ಮುಳ್ಳು ನಡುಪಟ್ಟಿಗೆ ನೆಟ್ಟಿದ್ದರಿಂದ ಚಕ್ರ ಬಿಚ್ಚದೆಯೇ ಎರಡು ಬತ್ತಿ ಹಾಕಿ ಗಾಳಿ ತುಂಬಿದರು. ಮುಂದಿನದರಲ್ಲಿ ಅದು ಪಕ್ಕದ ಗೋಡೆಯನ್ನೇ ತೂರಿತ್ತು. ಆ ಭಾಗ ಓಡುವಾಗ ಸದಾ ಬಳುಕುತ್ತಿರುವುದರಿಂದ ಬತ್ತಿ ನಿಲ್ಲುವುದಿಲ್ಲ, ಹಾಕಬಾರದು ಕೂಡ ಎಂದು ಬಿಡಿಸಿ ಹೇಳಿ, ಸ್ಟೆಪ್ನಿ ಜೋಡಿಸಿದರು. ಬೇಕೆಂದಿದ್ದರೆ ಅದಕ್ಕೂ ಎರಡು ಬತ್ತಿ ತುರುಕಿ ದುಡ್ಡು ಕೇಳಬಹುದಿತ್ತು. ಆ ಕತ್ತಲಲ್ಲಿ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಈ ಅಂಗಡಿಯ ಮೇಲೆ ನನಗೆ ನಂಬಿಕೆ ಹುಟ್ಟಿದ್ದು ಇದೇ ಕಾರಣಕ್ಕೆ.

ಕೊಟ್ಟದ್ದು ಒಟ್ಟು 650 ರೂಪಾಯಿ: ಬತ್ತಿಗೆ 250, ರಾತ್ರಿ ಬಂದು ಹೋದದ್ದಕ್ಕೆ 400. ಹಗಲಿಗಿಂತ ಇದು ಹೆಚ್ಚೇ, ಆದರೆ ಇಪ್ಪತ್ತೆರಡು ಕಿಲೋಮೀಟರ್ ಓಡಾಟಕ್ಕೆ ಅನ್ಯಾಯವೆನಿಸಲಿಲ್ಲ. ಸಿಗ್ನಲ್ ಇಲ್ಲದ ಕಡೆ ಫೋನ್‌ಪೇ ನಡೆಯುವುದಿಲ್ಲವಾದ್ದರಿಂದ ನಗದು ಇಟ್ಟುಕೊಂಡಿರಬೇಕು. ನಮ್ಮ ಬಳಿ 500 ಮಾತ್ರ ಇತ್ತು. ಉಳಿದದ್ದನ್ನು ಅವರ ಅಂಗಡಿ ತಲುಪಿದ ಮೇಲೆ ಕೊಟ್ಟೆವು. ಅಲ್ಲಿಯವರೆಗೆ ಅವರು ಬೈಕಿನಲ್ಲಿ ನಮ್ಮ ಹಿಂದೆಯೇ ಬಂದು, ನಡುವೆ ಒಮ್ಮೆ ನಿಲ್ಲಿಸಿ ಗಾಳಿ ಪರೀಕ್ಷಿಸಿದರು.

ಅಂಗಡಿಯ ಗೋಡೆಯ ಮೊಳೆಗೆ ಸಿಕ್ಕಿಸಿದ್ದ ಚೀಟಿಗಳ ಕಟ್ಟನ್ನು ನೋಡಿದಾಗ ವ್ಯವಸ್ಥೆ ಪೂರ್ತಿ ಅರ್ಥವಾಯಿತು. ಹಾಲಿನ ಗಾಡಿ, ಸರ್ಕಾರಿ ಬಸ್ಸು, ಮೆಕ್ಕೆಜೋಳದ ಲಾರಿ, ಯಾವುದರ ಚಾಲಕನಾದರೂ ಸರಿ, ತಂದುಕೊಟ್ಟವರಿಗೆ ಒಂದು ಚಹಾ ಉಚಿತ. ಗಾಡಿ ಯಾವುದು, ಟೈರ್ ಅಳತೆ ಎಷ್ಟು, ಯಾವ ಕಲ್ಲಿನ ಹತ್ತಿರ, ಹೆಂಗಸರು ಮಕ್ಕಳು ಇದ್ದಾರೆಯೇ ಎಂಬ ನಾಲ್ಕು ಸಂಗತಿ ಚೀಟಿಯಲ್ಲಿರಬೇಕು. ಕೊನೆಯದನ್ನು ಏಕೆ ಕೇಳುತ್ತೀರಿ ಎಂದದ್ದಕ್ಕೆ, “ಅಂಥವರ ಕಡೆಗೆ ಮೊದ್ಲು ಹೋಗ್ಬೇಕಲ್ರಿ” ಎಂದರು.

ಕೊರತೆಗಳೂ ಇವೆ. ಅಂಗಡಿಯಲ್ಲಿ ಇರುವುದು ಅವರೊಬ್ಬರೇ. ಒಂದು ಕಡೆ ಹೋದರೆ ಮುಂದಿನ ಚೀಟಿ ಕಾಯಬೇಕು. ಚೀಟಿ ತಲುಪಿದೆ ಎಂಬುದು ನಿಂತವರಿಗೆ ತಿಳಿಯುವ ದಾರಿಯೇ ಇಲ್ಲ, ಆ ಒಂದು ಗಂಟೆ ನನಗೆ ಬಹಳ ಉದ್ದವಾಗಿತ್ತು. ಎದುರು ದಿಕ್ಕಿಗೆ ಹೋಗುವ ಗಾಡಿಯ ಕೈಯಲ್ಲೂ ಇನ್ನೊಂದು ಚೀಟಿ ಕೊಟ್ಟು ಕಳಿಸುವುದು ಒಳ್ಳೆಯದು. ಎಂಜಿನ್, ಬ್ಯಾಟರಿ ತೊಂದರೆಗಳನ್ನು ಅವರು ಮುಟ್ಟುವುದಿಲ್ಲ; ಜಗಳೂರಿನ ಮೆಕ್ಯಾನಿಕ್‌ಗೆ ಹೇಳಿ ಕಳಿಸುತ್ತಾರಂತೆ. ರಾತ್ರಿ ಒಂಬತ್ತರ ನಂತರ ಬಾಗಿಲು ಹಾಕಿರುತ್ತದೆ, ಮನೆ ಹಿಂದೆಯೇ ಇದ್ದರೂ ಆ ಹೊತ್ತಿಗೆ ಚೀಟಿ ತರುವ ಗಾಡಿಗಳೇ ಕಡಿಮೆ.

ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ. ಮರುದಿನ ದಾವಣಗೆರೆಯ ಟೈರ್ ಅಂಗಡಿಯಲ್ಲಿ ಚಕ್ರ ಬಿಚ್ಚಿಸಿ ನೋಡಿದಾಗ ಎರಡು ಬತ್ತಿಗಳೂ ಬಿಗಿಯಾಗಿದ್ದವು. ಒಳಗಿನಿಂದ ಪ್ಯಾಚ್ ಹಾಕಿಸಿಕೊಂಡು, ಪಕ್ಕ ಹರಿದಿದ್ದ ಟೈರನ್ನು ಬದಲಾಯಿಸಿದೆ.