ಕಿರುಮನೆ ಕಟ್ಟುವವರಿಗೊಂದು ವೆಬ್‌ಸೈಟ್: ಹಾಸನದ ವಿನ್ಯಾಸ ತಂಡವೊಂದರ ಸೇವೆ ಹೇಗಿದೆ?

ಸಕಲೇಶಪುರ, ಆಲೂರು, ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ಕಿರುಮನೆಗಳನ್ನು ಕಟ್ಟಿಕೊಡುವುದು ನಮ್ಮ ಕಸುಬು. ಹೋಂಸ್ಟೇಗೆಂದು ಕಟ್ಟಿಸುವ ಒಂಟಿ ಮನೆಗಳು, ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಂದು ಹೋಗುವವರ ಪುಟ್ಟ ಮನೆಗಳು, ಹಳೆಯ ಕಂಟೇನರ್ ಕತ್ತರಿಸಿ ಮಾಡಿದ ರೈಟರ್ ಕ್ವಾರ್ಟರ್ಸ್ (ತೋಟದ ಲೆಕ್ಕ ಬರೆಯುವವರ ಮನೆ), ಹೀಗೆ 160ರಿಂದ 400 ಚದರಡಿಯೊಳಗಿನ ಕೆಲಸಗಳೇ ಹೆಚ್ಚು. ನಮಗೆ ವೆಬ್‌ಸೈಟ್ ಮಾಡಿಕೊಟ್ಟದ್ದು ಹಾಸನದ ಇಬ್ಬರು ವಿನ್ಯಾಸಕರ ಸಣ್ಣ ತಂಡ. ಅವರ ಕೆಲಸದ ಬಗ್ಗೆ ನನಗೆ ಮೆಚ್ಚುಗೆಯೂ ಇದೆ, ಕೆಲವು ಆಕ್ಷೇಪಗಳೂ ಇವೆ. ಆಕ್ಷೇಪಗಳಿಗೆ ಅವರ ಉತ್ತರವನ್ನು ಇಲ್ಲಿ ಕೊಡಲಾಗದ ಕಾರಣ ತಂಡದ ಹೆಸರನ್ನು ಬರೆಯುತ್ತಿಲ್ಲ. ಇದೇ ಕಸುಬಿನಲ್ಲಿದ್ದು ವೆಬ್‌ಸೈಟ್ ಮಾಡಿಸಲು ಹೊರಟವರಿಗೆ, ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬೇಡವೆನ್ನಬೇಕು ಎಂಬುದು ಈ ಬರಹದಿಂದ ತಿಳಿದರೆ ಸಾಕು.

ತಂಡದ ಮೊದಲ ಒಳ್ಳೆಯ ಗುಣವೆಂದರೆ, ಬಣ್ಣ, ಲೋಗೊಗಳ ಮಾತೆತ್ತುವ ಮೊದಲು ಅವರು ನಾವು ಕೆಲಸ ಮಾಡುತ್ತಿದ್ದ ಸೈಟಿಗೆ ಬಂದು, ಟೇಪು ಹಿಡಿದು ಮನೆಯನ್ನು ಅಳೆದು ನೋಡಿದರು. ಗಿರಾಕಿಗಳು ಫೋನಿನಲ್ಲಿ ಏನೇನು ಕೇಳುತ್ತಾರೆ ಎಂಬುದನ್ನು ಮೇಸ್ತ್ರಿಯಿಂದಲೂ ಲೆಕ್ಕ ನೋಡಿಕೊಳ್ಳುವವರಿಂದಲೂ ಕೇಳಿ ಬರೆದುಕೊಂಡರು. ಈಗ ನಮ್ಮ ವೆಬ್‌ಸೈಟಿನಲ್ಲಿರುವ ಪುಟಗಳು ಬಹುಮಟ್ಟಿಗೆ ಆ ಪ್ರಶ್ನೆಗಳಿಗೇ ಉತ್ತರಗಳು. ಸಿದ್ಧ ಟೆಂಪ್ಲೇಟಿನಲ್ಲಿ ನಮ್ಮ ಫೋಟೊಗಳನ್ನು ತುಂಬಿ ಕೊಟ್ಟಿದ್ದರೆ ಖರ್ಚು ಖಂಡಿತ ಕಡಿಮೆಯಾಗುತ್ತಿತ್ತು, ಆದರೆ ಅಂಥದ್ದರಿಂದ ನಮಗೆ ಇಷ್ಟು ಉಪಯೋಗವಾಗುತ್ತಿರಲಿಲ್ಲ.

ಕಿರುಮನೆಯ ವೆಬ್‌ಸೈಟಿನಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಮನೆಯ ಗಾತ್ರವನ್ನು ಇದ್ದ ಹಾಗೆ ತೋರಿಸುವುದು. ಮೊಬೈಲ್ ಕ್ಯಾಮೆರಾದಲ್ಲಿ 0.5 ಎಂಬ ಗುರುತನ್ನು ಒತ್ತಿ ಬಾಗಿಲ ಮೂಲೆಯಿಂದ ಚಿತ್ರ ತೆಗೆದರೆ ಎಂಥ ಇಕ್ಕಟ್ಟಾದ ಕೋಣೆಯೂ ಹಜಾರದಂತೆ ಕಾಣುತ್ತದೆ. 20 ಅಡಿ ಉದ್ದದ ಕಂಟೇನರಿನ ಹೊರ ಅಗಲ 8 ಅಡಿ, ಒಳ ಅಗಲ ಸುಮಾರು 7 ಅಡಿ 8 ಅಂಗುಲ. ಬಿಸಿಲಿನ ಕಾವು ತಡೆಯುವ ಪದರ ಕೊಟ್ಟು ಪ್ಲೈವುಡ್ ಹೊದಿಸಿದ ಮೇಲೆ ಅದು 7 ಅಡಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿ ಮಂಚವನ್ನು ಅಡ್ಡಲಾಗಿ ಹಾಕಿದರೆ ಕಾಲ ಬಳಿ ಒಂದಡಿಗಿಂತ ಹೆಚ್ಚು ಜಾಗ ಉಳಿಯುವುದಿಲ್ಲ. ಚಿತ್ರದಲ್ಲಿ ಹಜಾರವನ್ನು ಕಂಡು, ಮುಂಗಡ ಕೊಡುವ ಮನಸ್ಸು ಮಾಡಿಕೊಂಡು, ಕುಟುಂಬದೊಂದಿಗೆ ಅಷ್ಟು ದೂರದಿಂದ ಬಂದವರು ಬಾಗಿಲಲ್ಲಿ ನಿಂತು ಮುಖ ಮುಖ ನೋಡಿಕೊಳ್ಳುವುದು ಈ ಕಸುಬಿನವರೆಲ್ಲ ಕಂಡಿರುವ ದೃಶ್ಯ. ಅವರ ಸಮಯವೂ ನಮ್ಮ ಸಮಯವೂ ಹಾಳು, ಅದಕ್ಕಿಂತ ಹೆಚ್ಚಾಗಿ ವಿಶ್ವಾಸವೂ ಹಾಳು.

ಇದಕ್ಕೆ ತಂಡ ಮಾಡಿದ ಏರ್ಪಾಡು ಸರಳವಾಗಿದೆ. ಪ್ರತಿ ಮನೆಯ ಮೊದಲ ಚಿತ್ರದಲ್ಲಿ ಒಬ್ಬ ವ್ಯಕ್ತಿ ಇರಲೇಬೇಕು: ಬಾಗಿಲ ಪಕ್ಕದಲ್ಲಿ ನಿಂತಿರಬೇಕು, ಇಲ್ಲವೇ ಒಲೆಯ ಮುಂದೆ ಕೆಲಸ ಮಾಡುತ್ತಿರಬೇಕು. ಅಟ್ಟವಿರುವ ಮನೆಯಾದರೆ, ಅಟ್ಟದ ಮೇಲೆ ಒಬ್ಬರು ನೆಟ್ಟಗೆ ಕುಳಿತ ಚಿತ್ರವೂ ಇರುತ್ತದೆ. ತಲೆಗೂ ಸೂರಿಗೂ ನಡುವೆ ಎಷ್ಟು ಅಂತರವಿದೆ ಎಂಬುದು ಅಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಚಿತ್ರದ ಕೆಳಗೇ ನೆಲದ ನಕ್ಷೆ, ಅದರ ಪಕ್ಕದಲ್ಲಿ ಮನೆಯನ್ನು ಉದ್ದಕ್ಕೆ ಸೀಳಿದಂತೆ ತೋರಿಸುವ ಇನ್ನೊಂದು ನಕ್ಷೆ, ಎರಡರಲ್ಲೂ ಒಳ ಅಳತೆಗಳನ್ನು ಅಡಿ ಮತ್ತು ಅಂಗುಲಗಳಲ್ಲಿ ಬರೆಯಲಾಗಿದೆ. ಅಟ್ಟದ ವಿಸ್ತೀರ್ಣವನ್ನು ಮನೆಯ ವಿಸ್ತೀರ್ಣದೊಂದಿಗೆ ಕೂಡಿಸಬಾರದು ಎಂದು ಅವರು ಹಟ ಹಿಡಿದರು. ಅಮೆರಿಕದ ವಸತಿ ಕಟ್ಟಡ ಸಂಹಿತೆಯ 2018ರ ಆವೃತ್ತಿಯಲ್ಲಿ ಕಿರುಮನೆಗಳಿಗೆಂದೇ ಇರುವ ಅನುಬಂಧ, ಅಟ್ಟವನ್ನು ಬಿಟ್ಟು 400 ಚದರಡಿ ಮೀರದ ಮನೆಯನ್ನು ಕಿರುಮನೆ ಎಂದು ಕರೆಯುತ್ತದೆ, ವಾಸದ ಭಾಗಕ್ಕೆ ಕನಿಷ್ಠ 6 ಅಡಿ 8 ಅಂಗುಲ ಎತ್ತರ ಬೇಕೆನ್ನುತ್ತದೆ. ಆ ಸಂಹಿತೆ ನಮ್ಮ ದೇಶಕ್ಕೆ ಅನ್ವಯಿಸುವುದಿಲ್ಲ. ಆದರೂ ಅಳತೆ ಹೇಳುವ ಆ ಕ್ರಮವನ್ನು ಒಪ್ಪಿಕೊಂಡದ್ದರಿಂದ ನಮ್ಮ ಒಂದು ಮನೆ ಹಾಳೆಯ ಮೇಲೆ 260 ಚದರಡಿಯಿಂದ 200ಕ್ಕೆ ಇಳಿಯಿತು. ಹಾಗೆ ಇಳಿದದ್ದೇ ಸರಿ ಎಂದು ನಾನು ನಂಬುತ್ತೇನೆ.

ಅಮೆರಿಕದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಜೇ ಶೇಫರ್ 1999ರಲ್ಲಿ ಆರಂಭಿಸಿದ ಟಂಬಲ್‌ವೀಡ್ ಎಂಬ ಕಿರುಮನೆಗಳ ಸಂಸ್ಥೆಯಿಂದ ಹಿಡಿದು ಅಲ್ಲಿ ಅನೇಕರು ಗಾಲಿಯ ಟ್ರೇಲರ್ ಮೇಲೆ ಮನೆ ಕಟ್ಟುತ್ತಾರೆ. ವಿಶೇಷ ಪರವಾನಗಿಯಿಲ್ಲದೆ ರಸ್ತೆಯಲ್ಲಿ ಎಳೆದೊಯ್ಯಲು ಮನೆಯ ಅಗಲ ಸಾಮಾನ್ಯವಾಗಿ ಎಂಟೂವರೆ ಅಡಿ ಮೀರಬಾರದು. ಆದ್ದರಿಂದ ಅಲ್ಲಿಯ ಕಟ್ಟುಗರು ಟ್ರೇಲರ್, ಅದರ ಭಾರ, ಮನೆಯನ್ನು ಎಲ್ಲಿ ನಿಲ್ಲಿಸಬಹುದು ಎಂಬ ವಿಚಾರಗಳನ್ನು ವಿಸ್ತಾರವಾಗಿ ಹೇಳಬೇಕಾಗುತ್ತದೆ. ತಂಡ ನಮಗೆ ತೋರಿಸಿದ ಮೊದಲ ಕರಡು ಆ ಮಾದರಿಯಲ್ಲೇ ಇತ್ತು. ಮಲೆನಾಡಿನ ಗಿರಾಕಿಗೆ ಅದರಿಂದ ಪ್ರಯೋಜನವಿಲ್ಲ. ಅವನ ಮನೆಗೆ ಗಾಲಿಯಿಲ್ಲ, ಅದು ಪಾಯದ ಮೇಲೆ ಕೂರುತ್ತದೆ. ಅವನ ತೋಟದವರೆಗೆ ಲಾರಿ ಬರುತ್ತದೆಯೇ ಎಂಬುದು ಅವನಿಗೆ ಮುಖ್ಯ.

ಇದನ್ನು ತಿಳಿಸಿದ ಮೇಲೆ ಅವರು ಸಿದ್ಧಪಡಿಸಿದ ‘ನಿಮ್ಮ ಜಾಗಕ್ಕೆ ದಾರಿ’ ಎಂಬ ಪುಟ ಇಡೀ ವೆಬ್‌ಸೈಟಿನಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಮುಖ್ಯ ರಸ್ತೆಯಿಂದ ಜಾಗದವರೆಗೆ ಇರುವ ದಾರಿಯ ಅಗಲ, ಗೇಟಿನ ಅಗಲ, ತಿರುವುಗಳು, ಮೋರಿ ಅಥವಾ ಕಾಲುಸಂಕ, ತಲೆಯ ಮೇಲೆ ಹಾದುಹೋಗುವ ವಿದ್ಯುತ್ ತಂತಿ, ದಾರಿಗೆ ಬಾಗಿದ ಸಿಲ್ವರ್ ಓಕ್ ಕೊಂಬೆಗಳು, ಇವುಗಳ ಫೋಟೊಗಳನ್ನು ಯಾವ ಕೋನದಿಂದ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಕು ಎಂದು ರೇಖಾಚಿತ್ರಗಳ ಸಮೇತ ಅಲ್ಲಿ ವಿವರಿಸಲಾಗಿದೆ. ತಿರುವಿನ ಫೋಟೊದಲ್ಲಿ ಅಳತೆ ತಿಳಿಯಲೆಂದು ಒಂದು ಬೈಕನ್ನೋ ಜೀಪನ್ನೋ ನಿಲ್ಲಿಸಿ ತೆಗೆಯಿರಿ ಎಂಬ ಸೂಚನೆಯೂ ಇದೆ. ಆ ಚಿತ್ರಗಳು ಬಂದರೆ ಕಾರ್ಖಾನೆಯಲ್ಲಿ ಪೂರ್ತಿ ಸಿದ್ಧಪಡಿಸಿದ ಮನೆಯನ್ನು ಕ್ರೇನಿನಿಂದ ಇಳಿಸಬಹುದೇ, ಇಲ್ಲ ಬಿಡಿಭಾಗಗಳನ್ನು ಪಿಕಪ್ಪಿನಲ್ಲಿ ಸಾಗಿಸಿ ಅಲ್ಲೇ ಜೋಡಿಸಬೇಕೇ ಎಂಬುದನ್ನು ನಾವು ಕುಳಿತಲ್ಲಿಂದಲೇ ಬಹುಮಟ್ಟಿಗೆ ಅಂದಾಜು ಮಾಡಬಲ್ಲೆವು.

ಬೆಲೆಯ ಪುಟವೂ ಇದೇ ಮನೋಭಾವದಲ್ಲಿದೆ. ಈ ಕಸುಬಿನಲ್ಲಿ ಬರೀ ಮನೆಯ ಪೆಟ್ಟಿಗೆಯ ಬೆಲೆಯನ್ನು ದೊಡ್ಡದಾಗಿ ಬರೆದು, ಉಳಿದದ್ದನ್ನು ಮಾತುಕತೆಯ ಹೊತ್ತಿಗೆ ಬಿಚ್ಚುವ ರೂಢಿ ಇದೆ. ನಮ್ಮ ಪುಟದಲ್ಲಿ ‘ಸೇರಿದೆ’, ‘ಸೇರಿಲ್ಲ’ ಎಂಬ ಎರಡು ಅಂಕಣಗಳಿದ್ದು, ಪಾಯ, ಸಾಗಣೆ, ಕ್ರೇನ್ ಬಾಡಿಗೆ, ಸೆಪ್ಟಿಕ್ ಟ್ಯಾಂಕ್, ನೀರಿನ ಪೈಪು, ವಿದ್ಯುತ್ ಸಂಪರ್ಕ, ಮಳೆಗಾಲದ ಇರಚಲು ತಡೆಯುವ ಹೊರಚಾಚು, ಪ್ರತಿಯೊಂದೂ ಯಾವ ಅಂಕಣಕ್ಕೆ ಸೇರಿದ್ದು ಎಂಬುದು ಸ್ಪಷ್ಟವಾಗಿದೆ. ಸೇರದ ಬಾಬುಗಳ ಮುಂದೆ ಕನಿಷ್ಠ ಮತ್ತು ಗರಿಷ್ಠ ಅಂದಾಜುಗಳನ್ನು ಕೊಡಲಾಗಿದೆ. ‘ಬೆಲೆಗಾಗಿ ಕರೆ ಮಾಡಿ’ ಎಂದಷ್ಟೇ ಬರೆದು ಬಿಡುವುದು ವ್ಯಾಪಾರದ ಜಾಣತನ ಎನ್ನುವವರಿದ್ದಾರೆ. ಮನೆ ಕಟ್ಟಿಸಲು ಸಾಲ ಮಾಡಬೇಕೋ ಬೇಡವೋ ಎಂದು ರಾತ್ರಿ ಕುಳಿತು ಲೆಕ್ಕ ಹಾಕುವವರಿಗೆ ಅದು ಅನ್ಯಾಯ ಎಂಬುದು ನನ್ನ ಅಭಿಪ್ರಾಯ.

ಕಾನೂನಿನ ವಿಷಯದಲ್ಲಿ ತಂಡ ತೋರಿದ ಎಚ್ಚರಿಕೆಯನ್ನೂ ಹೇಳಬೇಕು. ಕಂಟೇನರ್ ಮನೆಗೆ, ಬಿಚ್ಚಿ ಸಾಗಿಸಬಹುದಾದ ಮನೆಗೆ ಯಾವ ಅನುಮತಿಯೂ ಬೇಡ ಎಂಬ ಮಾತು ಜಾಹೀರಾತುಗಳಲ್ಲಿ ಧಾರಾಳವಾಗಿ ಕಾಣಸಿಗುತ್ತದೆ. ಆದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೆಯ ಕಲಮು ಕೇಳುವುದು ಕೃಷಿ ಜಮೀನನ್ನು ಯಾವ ಉದ್ದೇಶಕ್ಕೆ ಬಳಸುತ್ತೀರಿ ಎಂಬುದನ್ನು. ಗೋಡೆ ಇಟ್ಟಿಗೆಯದೋ ತಗಡಿನದೋ ಎಂಬುದು ಅಲ್ಲಿ ಮುಖ್ಯವಲ್ಲ. ಆದ್ದರಿಂದ ನಮ್ಮ ವೆಬ್‌ಸೈಟಿನಲ್ಲಿ ಅಂಥ ಭರವಸೆಯ ಸಾಲಿಗೆ ಜಾಗವಿಲ್ಲ. ಅದರ ಬದಲು ಪಹಣಿ ತೆಗೆದು ನೋಡಿ, ಭೂಪರಿವರ್ತನೆ ಆಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಹೋಂಸ್ಟೇ ನಡೆಸುವುದಾದರೆ ಪ್ರವಾಸೋದ್ಯಮ ಇಲಾಖೆಯ ನಿಯಮಗಳನ್ನು ನೋಡಿಕೊಳ್ಳಿ ಎಂಬ ಸಲಹೆಗಳಿವೆ. ಸಂಪರ್ಕ ನಮೂನೆಯ ಕೆಳಗೆ, ನಿಮ್ಮ ಫೋನ್ ನಂಬರನ್ನು ಯಾವುದಕ್ಕಾಗಿ ಪಡೆಯುತ್ತಿದ್ದೇವೆ ಎಂಬ ಒಂದು ಸಾಲಿನ ಒಪ್ಪಿಗೆಯೂ ಇದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿರುವಾಗ ಇದನ್ನು ಬಿಡುವಂತಿಲ್ಲ.

ವೇಗದ ವಿಷಯದಲ್ಲಿ ಮಾತ್ರ ನಾವು ಅವರೊಂದಿಗೆ ಸ್ವಲ್ಪ ಜಗ್ಗಾಡಬೇಕಾಯಿತು. ಮುಖಪುಟ ತೆರೆದ ಕೂಡಲೇ ಡ್ರೋನಿನಿಂದ ತೆಗೆದ ತೋಟದ ವಿಡಿಯೊ ಪರದೆ ತುಂಬ ಓಡಬೇಕೆಂಬುದು ಅವರ ಆಸೆಯಾಗಿತ್ತು. ಹಾಸನದ ಅವರ ಕಚೇರಿಯಲ್ಲಿ ಅದು ಸೊಗಸಾಗಿ ಓಡುತ್ತಿತ್ತು. ತೋಟದ ಮನೆಯ ಜಗಲಿಯಲ್ಲಿ, ಸಿಗ್ನಲ್ಲಿನ ಒಂದೇ ಗೆರೆ ಕಾಣುವ ಕಡೆ ಫೋನಿನಲ್ಲಿ ತೆರೆದರೆ ಬಿಳಿ ಪರದೆ ಬಿಟ್ಟರೆ ಬೇರೇನೂ ಕಾಣಿಸುತ್ತಿರಲಿಲ್ಲ. ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕೆಂದು ಗೂಗಲ್ ಹೇಳುವ ಮಟ್ಟವನ್ನು ಅವರಿಗೆ ನೆನಪಿಸಿ, ಫೋನಿನಲ್ಲೇ ಪರೀಕ್ಷೆ ಮಾಡಿಸಿದ ಮೇಲೆ ವಿಡಿಯೊ ಹೋಯಿತು. ಅದರ ಜಾಗದಲ್ಲಿ ಒಂದು ಸ್ಥಿರಚಿತ್ರ ಬಂದಿತು. ನಾಲ್ಕೈದು ಎಂಬಿ ತೂಗುತ್ತಿದ್ದ ಫೋಟೊಗಳನ್ನು ಕಡಿಮೆ ತೂಕದ ವೆಬ್‌ಪಿ ಎಂಬ ಚಿತ್ರರೂಪಕ್ಕೆ ಬದಲಿಸಿ 200 ಕೆಬಿಯ ಒಳಗೆ ತಂದದ್ದು ದೊಡ್ಡ ಉಪಕಾರವಾಯಿತು. ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಇಲ್ಲ.

ಕನ್ನಡ ಪುಟಗಳ ಬಗ್ಗೆ ನನಗೆ ನಿಜಕ್ಕೂ ಬೇಸರವಾಯಿತು. ಇಂಗ್ಲಿಷ್ ಬರಹವನ್ನು ಯಂತ್ರಕ್ಕೆ ಕೊಟ್ಟು ತೆಗೆದ ಕನ್ನಡವನ್ನು ಅವರು ಹಾಗೆಯೇ ಹಾಕಿಬಿಟ್ಟಿದ್ದರು. ಅದನ್ನು ಓದಿದ ಯಾವ ತೋಟದ ಮಾಲೀಕನೂ ನಮ್ಮನ್ನು ಈ ಊರಿನವರೆಂದು ನಂಬುತ್ತಿರಲಿಲ್ಲ. ಎಲ್ಲವನ್ನೂ ನಾವೇ ಹೊಸದಾಗಿ ಬರೆದುಕೊಟ್ಟೆವು. ನಾವು ಬರೆದದ್ದು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರರೂಪದಲ್ಲಿದ್ದುದರಿಂದ, ಅದನ್ನು ವೆಬ್‌ಸೈಟಿಗೆ ಬೇಕಾದ ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತುಗಳು ಅಲ್ಲಲ್ಲಿ ಸ್ಥಳ ತಪ್ಪಿದವು. ಅವನ್ನು ಒಂದೊಂದಾಗಿ ತಿದ್ದುವ ತಾಳ್ಮೆಯನ್ನು ತಂಡದ ಕಿರಿಯ ವಿನ್ಯಾಸಕಿ ತೋರಿದರು. ಕೊನೆಗೆ ಆರಿಸಿಕೊಂಡ ನೋಟೊ ಸ್ಯಾನ್ಸ್ ಕನ್ನಡ ಅಕ್ಷರ ಸಣ್ಣ ಪರದೆಯಲ್ಲೂ ಸ್ಪಷ್ಟವಾಗಿದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಸಾಕಷ್ಟು ಜಾಗ ಬಿಟ್ಟಿದ್ದಾರೆ. ಹಿರಿಯರು ಕನ್ನಡಕವನ್ನು ಹುಡುಕದೆ ಅಳತೆಗಳನ್ನು ಓದುತ್ತಾರೆ.

ಪರಿಣಾಮವನ್ನು ಹೀಗೆ ಹೇಳಬಹುದು: ಬರುವ ಕರೆಗಳು ಹೆಚ್ಚಾಗಿವೆ ಎಂದು ಹೇಳಲಾರೆ, ಆದರೆ ಕರೆಗಳ ಸ್ವರೂಪ ಬದಲಾಗಿದೆ. ಮೊದಲು ‘ಚದರಡಿಗೆ ಎಷ್ಟು?’ ಎಂಬಲ್ಲಿಂದ ಮಾತು ಆರಂಭವಾಗುತ್ತಿತ್ತು. ಈಗ ‘ಆ 200 ಚದರಡಿಯ ಮನೆಯಲ್ಲಿ ಬಚ್ಚಲನ್ನು ಹಿಂಬದಿಗೆ ತೆಗೆದುಕೊಳ್ಳಬಹುದೇ, ನಮ್ಮ ಅಮ್ಮನಿಗೆ ಅಟ್ಟದ ಏಣಿ ಹತ್ತಲು ಆಗುವುದಿಲ್ಲ, ಮಂಚ ಕೆಳಗೇ ಹಾಕಿಕೊಡುತ್ತೀರಾ?’ ಎಂದು ನಕ್ಷೆಯನ್ನು ನೋಡಿಕೊಂಡೇ ಮಾತಾಡುತ್ತಾರೆ. ಸೈಟಿಗೆ ಬಂದವರು ಬಾಗಿಲಲ್ಲಿ ತಡವರಿಸುವುದು ಅಪರೂಪವಾಗಿದೆ.

ಇನ್ನು ಕೊರತೆಗಳು. ಹೊಸ ಮನೆಯ ಚಿತ್ರಗಳನ್ನು ನಾವೇ ಸೇರಿಸುವ ವ್ಯವಸ್ಥೆ ತೊಡಕಾಗಿದೆ. ಚಿತ್ರದ ಗಾತ್ರ ಸ್ವಲ್ಪ ಹೆಚ್ಚುಕಡಿಮೆಯಾದರೂ ಪುಟದ ಜೋಡಣೆ ಕೆಡುತ್ತದೆ, ಆಗ ಅವರಿಗೇ ಫೋನ್ ಮಾಡಬೇಕು. ನಕ್ಷೆಗಳನ್ನು ಮುದ್ರಿಸಿಕೊಳ್ಳಲು ಅನುಕೂಲವಾದ ಪಿಡಿಎಫ್ ಇಲ್ಲ. ಮನೆಯಲ್ಲಿ ಎಲ್ಲರೂ ಕುಳಿತು ಒಂದು ಹಾಳೆಯನ್ನು ನೋಡಿ ತೀರ್ಮಾನಿಸುವ ಪದ್ಧತಿ ಇರುವ ನಮ್ಮ ಕಡೆ ಇದು ಸಣ್ಣ ಲೋಪವಲ್ಲ. ಮಳೆಗಾಲದಲ್ಲಿ ತೆಗೆದ ಚಿತ್ರಗಳನ್ನು ಅವರು ಮಂಕಾಗಿವೆ ಎಂದು ಕೈಬಿಟ್ಟಿದ್ದಾರೆ. ಜುಲೈ ತಿಂಗಳಲ್ಲಿ ಗೋಡೆ, ಸೂರು, ಕಿಟಕಿಯ ಸಂದುಗಳು ಹೇಗಿರುತ್ತವೆ ಎಂಬುದನ್ನೇ ಮಲೆನಾಡಿನ ಗಿರಾಕಿ ಮೊದಲು ನೋಡಬೇಕಾದ್ದು, ಆದ್ದರಿಂದ ಅವುಗಳನ್ನು ಮರಳಿ ಹಾಕಿಸಲು ಕೇಳಿದ್ದೇವೆ.

ಹಣದ ವ್ಯವಹಾರ ಚೊಕ್ಕವಾಗಿತ್ತು. ಕೆಲಸ ಆರಂಭಿಸುವಾಗ, ವಿನ್ಯಾಸ ಒಪ್ಪಿದಾಗ, ವೆಬ್‌ಸೈಟ್ ಸಾರ್ವಜನಿಕವಾದಾಗ, ಹೀಗೆ ಮೂರು ಕಂತುಗಳಲ್ಲಿ ಪಡೆದರು. ವೆಬ್‌ಸೈಟಿನ ವಿಳಾಸವಾದ ಡೊಮೇನ್ ಹೆಸರನ್ನು ನಮ್ಮ ಸಂಸ್ಥೆಯ ಹೆಸರಿನಲ್ಲೇ, ನಮ್ಮ ಇಮೇಲಿಗೇ ನೋಂದಾಯಿಸಿಕೊಟ್ಟರು. ವಿನ್ಯಾಸಕರು ಡೊಮೇನನ್ನು ತಮ್ಮ ಹೆಸರಿನಲ್ಲಿ ಇಟ್ಟುಕೊಂಡು, ಮುಂದೆ ಮನಸ್ತಾಪವಾದಾಗ ಬಿಟ್ಟುಕೊಡದೆ ಸತಾಯಿಸುವ ಉದಾಹರಣೆಗಳು ಇರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಆದರೆ ವಾರ್ಷಿಕ ನಿರ್ವಹಣೆಯ ಒಪ್ಪಂದ ಅಸ್ಪಷ್ಟವಾಗಿದೆ. ‘ಸಣ್ಣಪುಟ್ಟ ಬದಲಾವಣೆಗಳು ಉಚಿತ’ ಎಂದು ಅದರಲ್ಲಿದೆ, ಆದರೆ ಒಂದು ಮನೆಯ ಪುಟವನ್ನು ಸೇರಿಸುವುದು ಸಣ್ಣದೋ ದೊಡ್ಡದೋ ಎಂಬುದಕ್ಕೆ ಉತ್ತರವಿಲ್ಲ. ಬೆಲೆಗಳನ್ನು ತಿದ್ದಲು ಕೇಳಿದಾಗ ವಾರಗಟ್ಟಲೆ ತಡವಾದದ್ದೂ ಉಂಟು, ಆ ದಿನಗಳಲ್ಲಿ ಹಳೆಯ ದರವನ್ನು ನೋಡಿ ಕರೆ ಮಾಡಿದವರಿಗೆ ನಾವು ಅದೇ ದರಕ್ಕೆ ಒಪ್ಪಿಕೊಂಡೆವು. ಈ ತಂಡವನ್ನು ನಾನು ಶಿಫಾರಸು ಮಾಡುತ್ತೇನೆ, ಆದರೆ ಸಹಿ ಹಾಕುವ ಮುನ್ನ ಯಾವ ಬದಲಾವಣೆಗೆ ಎಷ್ಟು ಶುಲ್ಕ, ಬೆಲೆಯ ತಿದ್ದುಪಡಿಯನ್ನು ಎಷ್ಟು ದಿನದೊಳಗೆ ಮಾಡಿಕೊಡಬೇಕು, ಒಪ್ಪಂದ ಮುಗಿದರೆ ಫೋಟೊ ಮತ್ತು ಬರಹಗಳ ಮೂಲಪ್ರತಿಗಳನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕು ಎಂಬ ಮೂರನ್ನೂ ಬರಹದಲ್ಲಿ ಪಡೆದುಕೊಳ್ಳಬೇಕು.