ಡಬ್ಬಿ ಸೆಟ್ ಬ್ಲೇಡ್ ಫ್ಯೂಸ್ ತಗೋಬ್ಯಾಡ್ರಿ, ಕಂಪನಿ ಮಾಲ್ ತಗೋರಿ

ವಿಜಯಪುರದಾಗ ಗಾಂಧಿ ಚೌಕ ಕಡೆ ಆಟೋ ಎಲೆಕ್ಟ್ರಿಕಲ್ ಅಂಗಡ್ಯಾಗ ಬ್ಲೇಡ್ ಫ್ಯೂಸ್, ಅಂದ್ರ ಎರಡು ಚಪ್ಪಟಿ ಕಾಲಿನ ಬಣ್ಣದ ಪ್ಲಾಸ್ಟಿಕ್ ಫ್ಯೂಸ್, ಎರಡ್ ಥರ ಸಿಗ್ತಾವ್ರಿ, ಒಂದು ಎಲ್ಲಾ ಕಲರ್ ಮಿಕ್ಸ್ ಇರೋ ಹೆಸರಿಲ್ಲದ ಡಬ್ಬಿ ಸೆಟ್ಟು, ಇನ್ನೊಂದು ಲಿಟಲ್‌ಫ್ಯೂಸ್, ಬಸ್‌ಮನ್ ಅಂಥ ಕಂಪನೀದು ಬಿಡಿಬಿಡಿಯಾಗಿ. ಪಿಕಪ್ ಗಾಡಿಗೂ ಬೇಕಿತ್ತು, ದ್ರಾಕ್ಷಿ ತ್ವಾಟದ ಮನಿಯಾಗ 12 ವೋಲ್ಟ್ ಸೋಲಾರ್ ಲೈನಿಗೂ ಬೇಕಿತ್ತು, ಅದಕ್ಕ ಎರಡೂ ತಂದು ಹೋಲಿಸಿ ನೋಡಿದೆ.

10 ಆಂಪಿನ ಕೆಂಪು ಫ್ಯೂಸ್ ಹಾಕಿ ಹೆಡ್‌ಲೈಟ್ ಬಲ್ಬ್ ಒಂದೊಂದಾಗಿ ಹಚ್ಕೋತ ಹೋದೆ, 60 ವ್ಯಾಟಿನ ಒಂದು ಬಲ್ಬ್ 5 ಆಂಪ್ ಎಳೀತೈತಿ, ನಾಕು ಹಚ್ಚಿದ್ರ 20 ಆಂಪ್, ಅಂದ್ರ ಡಬಲ್ ಲೋಡು. ಸ್ಟ್ಯಾಂಡರ್ಡ್ ಪ್ರಕಾರ ಡಬಲ್ ಲೋಡಿನ್ಯಾಗ 5 ಸೆಕೆಂಡ್ ಒಳಗ ಫ್ಯೂಸ್ ಹೋಗಬೇಕು. ಕಂಪನೀದು ಪಟ್ ಅಂತ ಹೋತು. ಡಬ್ಬೀದು ಹೋಗ್ಲೇ ಇಲ್ಲ, ಬಲ್ಬ್ ಉರೀತಾನ ಇದ್ವು, ಪ್ಲಾಸ್ಟಿಕ್ ಮೆತ್ತಗಾಗಿ ಒಂದ್ ಕಡೆ ವಾಲಿ ಕಮಟು ವಾಸನಿ ಬಂತು, ಆಗ ನಾನಾ ಬ್ಯಾಟ್ರಿ ವೈರ್ ಕಿತ್ತೆ. ಎರಡನ್ನೂ ಬಿಸಲಿಗೆ ಹಿಡದು ನೋಡ್ರಿ, ಕಂಪನೀದರಾಗ ನಡುವಿನ ಪಟ್ಟಿ ಸಣ್ಣದಾಗಿ ಬಾಗಿರತೈತಿ, ನನ್ನ ಡಬ್ಬೀದರಾಗ ಅದು ಅಗಲ ಇತ್ತು, ಕಾಲು ಮಾತ್ರ ತೆಳು, ಹೋಲ್ಡರ್‌ನ್ಯಾಗ ಬಿಗಿನೂ ಕೂಡ್ಲಿಲ್ಲ.

ಇನ್ನ ಆಂಪ್ ಎಷ್ಟು ಅನ್ನೋದು. ಫ್ಯೂಸ್ ಇರೋದು ವೈರ್ ಉಳಸಾಕ, ಲೈಟು ಪಂಪು ಉಳಸಾಕಲ್ಲ. "ಹೋತು ಅಂದ್ರ ಒಂದ್ ಸೈಜ್ ದೊಡ್ಡದು ಹಾಕ್ರಿ" ಅಂತ ಹೇಳೋರ ಮಾತು ಕೇಳಬ್ಯಾಡ್ರಿ, ಹಂಗ ಮಾಡಿದ್ರ ಮುಂದಿನ ಸಲ ವೈರ್ ಸುಡತೈತಿ. ನಾ ಇಟ್ಕೊಂಡಿರೋ ಲೆಕ್ಕ 1 ಸ್ಕ್ವೇರ್ ಎಮ್ಎಮ್ ತಾಮ್ರದ ವೈರಿಗೆ 10 ಆಂಪಿನ ಫ್ಯೂಸ್, ಒಂದೂವರಿಗೆ 15, ಎರಡೂವರಿಗೆ 20, ನಾಕಕ್ಕ 30. ತಾಸುಗಟ್ಟಲೆ ಓಡೋ ಲೋಡು ಫ್ಯೂಸಿನ ಮುಕ್ಕಾಲಷ್ಟರಾಗ ಇರಲಿ, ನಮ್ಮ ಕಡೆ ಏಪ್ರಿಲ್ ಮೇದಾಗ ಬಾನೆಟ್ ಒಳಗಿನ ಕಾವು ಗೊತ್ತಲ್ಲ, ಕಾವು ಏರಿದಂಗ ಫ್ಯೂಸ್ ಬ್ಯಾಗ್ನ ಹೋಗತೈತಿ. ಹಾಕೋದೂ ಬ್ಯಾಟ್ರಿ ಪ್ಲಸ್‌ಗೆ ಗೇಣು ದೂರದಾಗ ಹಾಕ್ರಿ, ಫ್ಯೂಸಿಗಿಂತ ಮೊದಲಿನ ವೈರ್ ತುಣುಕಿಗೆ ಕಾಯೋರ್ಯಾರೂ ಇರಂಗಿಲ್ಲ.

ಕಲರ್ ನೋಡೇ ತಗೊಳ್ಳೋರಿಗೆ ಒಂದ್ ಮಾತು, ಸಾದಾ ಸೈಜಿನ್ಯಾಗ ಕೆಂಪು 10, ನೀಲಿ 15, ಹಳದಿ 20, ಹಸರು 30, ಆದ್ರ ದೊಡ್ಡ ಮ್ಯಾಕ್ಸಿ ಸೈಜಿನ್ಯಾಗ ಕೆಂಪಂದ್ರ 50, ನೀಲಿ ಅಂದ್ರ 60. ತಲಿ ಮ್ಯಾಲಿನ ನಂಬರ್ ಓದ್ರಿ.

ಸೋಲಾರ್ ಮಂದಿ ಇದನ್ನ ತಪ್ಪದ ಓದ್ರಿ. ಸಾದಾ ಬ್ಲೇಡ್ ಫ್ಯೂಸ್ ಮ್ಯಾಲ 32 ವೋಲ್ಟ್ ಅಂತ ಬರದಿರತೈತಿ. 24 ವೋಲ್ಟ್ ಪ್ಯಾನೆಲ್ ಲೋಡ್ ಇಲ್ಲದಾಗ 40ರ ಆಸುಪಾಸು ಕೊಡತೈತಿ, ಡಿಸಿ ಕಿಡಿ ಒಮ್ಮೆ ಹಿಡಕೊಂಡ್ರ ಆರೋದು ಕಷ್ಟ, ಅಲ್ಲಿ ಪ್ಯಾನೆಲ್ಲಿಗೆ ಅಂತನ ಬರೋ ಉದ್ದನ ಸಿಲಿಂಡರ್ ಫ್ಯೂಸ್ ಹಾಕ್ರಿ. ಇನ್ವರ್ಟರ್ ಲೈನಿಗೂ ಬ್ಲೇಡ್ ಬ್ಯಾಡ, 1000 ವ್ಯಾಟಿಂದು 12 ವೋಲ್ಟಿನ್ಯಾಗ 83 ಆಂಪ್ ಮ್ಯಾಲ ಎಳೀತೈತಿ. ಲಿಥಿಯಂ ಬ್ಯಾಟ್ರಿ ಇದ್ರಂತೂ ಶಾರ್ಟ್ ಆದಾಗ ಸಾವಿರಗಟ್ಟಲೆ ಆಂಪ್ ಬರಬಹುದು, ಬ್ಯಾಟ್ರಿ ಬಾಯಿಗೆ ಅಷ್ಟು ದೊಡ್ಡ ಕರೆಂಟ್ ಕಡಿಯಾಕ ಅಂತನ ಬರೋ ಕ್ಲಾಸ್ ಟಿ ಫ್ಯೂಸ್ ಬೇಕು, ರೊಕ್ಕ ಜಾಸ್ತಿ ಆದ್ರೂ ಅಲ್ಲಿ ಉಳಸಾಕ ಹೋಗಬ್ಯಾಡ್ರಿ.

ಅಂಗಡಿಯವ್ರ ಬಗ್ಗೆ ದೂರಿಲ್ಲ, ಬಿಡಿ ಫ್ಯೂಸ್ ಬಿಚ್ಚಿ ನೋಡಾಕ ಕೊಟ್ರು, ಏಳೂವರಿ ಆಂಪಿಂದು ಮಿನಿ ಸೈಜ್ ಸುದ್ದಾ ಸಿಕ್ತು. ಹೋಲ್ಡರ್ ಮಾತ್ರ ಸರಿ ಇಲ್ರಿ, ಮ್ಯಾಲ 30 ಆಂಪ್ ಅಂತ ಬರದಿದ್ದು ಅದರ ವೈರಿನ ತೊಗಟಿ ಸುಲದು ನೋಡಿದ್ರ ಒಳಗ ಎಳಿ ಒಂದೂವರಿ ಸ್ಕ್ವೇರ್ ಎಮ್ಎಮ್ಮಿಂದು, ಅಂಥದಕ್ಕ 15ಕ್ಕಿಂತ ಹೆಚ್ಚು ಹಾಕಂಗಿಲ್ಲ.