ಬಫರ್ ಮುಗಿದಾಗ: ಮಿತಿ ಏರಿಸುವುದೋ, ಕಾಯುವ ಅವಧಿ ಇಳಿಸುವುದೋ?

ಎದುರು ಬದಿಯ ಯಂತ್ರದ ಸಂಪರ್ಕ ಕಡಿದ ಸ್ವಲ್ಪ ಹೊತ್ತಿಗೆ ‘ನೋ ಬಫರ್ ಸ್ಪೇಸ್ ಅವೈಲಬಲ್’ (ನೆಟ್‌ವರ್ಕ್ ದತ್ತಾಂಶವನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ, ಅಂದರೆ ಬಫರ್, ಉಳಿದಿಲ್ಲ) ಎಂಬ ದೂರು ಶುರುವಾಗುತ್ತದೆ. ರೀಬೂಟ್ ಮಾಡಿದರೆ ದೂರು ಹೋಗುತ್ತದೆ, ಜೊತೆಗೆ ಸಾಕ್ಷ್ಯವೂ ಹೋಗುತ್ತದೆ. ಹಾಗಾಗಿ ಅದನ್ನು ಹೋಲಿಕೆಗೆ ತೆಗೆದುಕೊಂಡಿಲ್ಲ. ಉಳಿದ ಮದ್ದುಗಳನ್ನು ಫ್ರೀಬಿಎಸ್‌ಡಿ ಮತ್ತು ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಳ ಮೇಲೆ ಬಳಸಿ ನೋಡಿದ್ದೇನೆ.

ಎಲ್ಲರೂ ಮೊದಲು ಸೂಚಿಸುವುದು ಮಿತಿ ಏರಿಸುವುದನ್ನು. ಫ್ರೀಬಿಎಸ್‌ಡಿಯಲ್ಲಿ ‘ಎನ್‌ಎಂಬಿಕ್ಲಸ್ಟರ್ಸ್’ ಮೌಲ್ಯವನ್ನು, ಅಂದರೆ ಕ್ಲಸ್ಟರ್ ಎಂಬ ಬಫರ್ ತುಣುಕುಗಳ ಗರಿಷ್ಠ ಸಂಖ್ಯೆಯನ್ನು, ಯಂತ್ರ ಓಡುತ್ತಿರುವಾಗಲೇ ಹೆಚ್ಚಿಸಬಹುದು. ಒಂದು ಕ್ಲಸ್ಟರ್ ಎಂದರೆ 2,048 ಬೈಟ್. ಅದಕ್ಕೂ ಮುನ್ನ ‘ನೆಟ್‌ಸ್ಟ್ಯಾಟ್ -ಎಂ’ ಆಜ್ಞೆ ಕೊಟ್ಟು ‘ಡಿನೈಡ್’ (ನಿರಾಕರಿಸಿದ ಬಫರ್ ಕೋರಿಕೆಗಳು) ಸಾಲನ್ನು ನೋಡಿ. ಅಲ್ಲಿ ಸೊನ್ನೆಯೇ ಇದ್ದರೆ ಕೊರತೆ ಇರುವುದು ಎಂಬಫ್‌ಗಳಲ್ಲಿ, ಅಂದರೆ ವ್ಯವಸ್ಥೆಯ ಈ ನೆಟ್‌ವರ್ಕ್ ಬಫರ್‌ಗಳಲ್ಲಿ ಅಲ್ಲ. ನೆಟ್‌ವರ್ಕ್ ಕಾರ್ಡಿನ ಸರತಿ ತುಂಬಿದಾಗಲೂ ಇದೇ ದೋಷ ಬರುತ್ತದೆ. ಟಿಸಿಪಿ ಸಂಪರ್ಕಗಳ ಒಟ್ಟು ಮೆಮೊರಿಗೆ ಮಿತಿ ಹಾಕುವ ಲಿನಕ್ಸ್‌ನ ‘ಟಿಸಿಪಿ_ಮೆಮ್’ ಲೆಕ್ಕ ಬೈಟ್‌ಗಳಲ್ಲಿಲ್ಲ, ಮೆಮೊರಿ ಪುಟಗಳಲ್ಲಿದೆ ಎಂಬುದು ನೆನಪಿರಲಿ. ದಟ್ಟಣೆ ನಿಜವಾಗಿ ಹೆಚ್ಚಿದ್ದರೆ ಈ ಮದ್ದು ಸರಿ. ಸಂಪರ್ಕ ಕಡಿದು ಬಂದ ತೊಂದರೆಗಾದರೆ, ತುಂಬುವ ಗಳಿಗೆಯನ್ನು ಮುಂದೂಡುತ್ತದೆ ಅಷ್ಟೇ.

ಎರಡನೆಯದು ಕೀಪ್‌ಅಲೈವ್ ಅವಧಿ ಇಳಿಸುವುದು, ಅಂದರೆ ಸುಮ್ಮನಿರುವ ಸಂಪರ್ಕ ಇನ್ನೂ ಜೀವಂತವಿದೆಯೇ ಎಂದು ವಿಚಾರಿಸುವ ಮುನ್ನ ಕಾಯುವ ಹೊತ್ತನ್ನು. ಲಿನಕ್ಸ್‌ನಲ್ಲಿ ಮೂಲ ಮೌಲ್ಯ 7,200 ಸೆಕೆಂಡು, ಅಂದರೆ ಎರಡು ಗಂಟೆ. ಇಳಿಸಿದಾಗ ಸುಮ್ಮನೆ ಕುಳಿತಿದ್ದ ಸಾಕೆಟ್‌ಗಳು (ಸಂಪರ್ಕದ ನಮ್ಮ ಬದಿಯ ತುದಿಗಳು) ಬೇಗನೆ ಖಾಲಿಯಾದವು, ಆದರೆ ಮೆಮೊರಿ ಹಿಡಿದಿದ್ದವು ಜಗ್ಗಲಿಲ್ಲ. ಸಾಕೆಟ್‌ಗಳ ಪಟ್ಟಿ ತೋರಿಸುವ ‘ಎಸ್‌ಎಸ್ -ಟಿಎನ್‌ಒ’ ಆಜ್ಞೆ ಕೊಟ್ಟರೆ ಕಾರಣ ಕಣ್ಣಿಗೇ ಬೀಳುತ್ತದೆ: ಆ ಸಾಲುಗಳ ‘ಸೆಂಡ್-ಕ್ಯೂ’ ಅಂಕಣದಲ್ಲಿ ಸೊನ್ನೆಯಿಲ್ಲ, ಟೈಮರ್ ಜಾಗದಲ್ಲಿ ‘ಕೀಪ್‌ಅಲೈವ್’ ಬದಲು ‘ಆನ್’ (ಮರುಕಳುಹಿಸುವ ಟೈಮರ್) ಎಂದಿದೆ. ಕಳುಹಿಸಿದ ದತ್ತಾಂಶಕ್ಕೆ ಸ್ವೀಕೃತಿ ಬರುವವರೆಗೆ ಕರ್ನೆಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಅದನ್ನು ಬಿಡುವಂತಿಲ್ಲ. ಅಲ್ಲಿಯವರೆಗೆ ನಡೆಯುವುದು ಮರುಕಳುಹಿಸುವ ಟೈಮರಿನ ಆಳ್ವಿಕೆ.

ಹಾಗಾದರೆ ಕೈ ಇಡಬೇಕಾದದ್ದು ಆ ಟೈಮರಿಗೇ. ಎಷ್ಟು ಬಾರಿ ಮರುಕಳುಹಿಸಬೇಕೆಂದು ಹೇಳುವ ಲಿನಕ್ಸ್‌ನ ‘ಟಿಸಿಪಿ_ರಿಟ್ರೈಸ್2’ ಮೂಲ ಮೌಲ್ಯ 15. ಅದರಂತೆ ಸತ್ತ ಸಂಪರ್ಕವೊಂದು ಸುಮಾರು 924 ಸೆಕೆಂಡು, ಅಂದರೆ ಕಾಲು ಗಂಟೆಗೂ ಹೆಚ್ಚು ಹೊತ್ತು ಬಫರ್ ಹಿಡಿದುಕೊಂಡಿರುತ್ತದೆ. 8ಕ್ಕೆ ಇಳಿಸಿದರೆ ಅದು 100 ಸೆಕೆಂಡಿನ ಆಸುಪಾಸಿಗೆ ಬರುತ್ತದೆ. ಫಲ ತಕ್ಷಣವೇ ಕಂಡಿತು. ಆದರೆ ಈ ಬದಲಾವಣೆ ಇಡೀ ಯಂತ್ರಕ್ಕೆ ಅನ್ವಯ. ಆಗಾಗ ತಡವರಿಸಿ ಚೇತರಿಸಿಕೊಳ್ಳುವ ಒಳ್ಳೆಯ ಸಂಪರ್ಕಗಳೂ ಕಡಿದುಹೋಗಬಹುದು. ಆದ್ದರಿಂದ ನನ್ನ ಮತ ‘ಟಿಸಿಪಿ_ಯೂಸರ್_ಟೈಮ್‌ಔಟ್’ ಎಂಬ ಸಾಕೆಟ್ ಆಯ್ಕೆಗೆ. ಕೋಡ್ ತಿದ್ದುವ ಶ್ರಮವಿದೆ ನಿಜ, ಆದರೆ ಯಾವ ಸಾಕೆಟ್ ಎಷ್ಟು ಕಾಯಬೇಕೆಂದು ಮಿಲಿಸೆಕೆಂಡುಗಳಲ್ಲಿ ಒಂದೊಂದಕ್ಕೂ ಬೇರೆಯಾಗಿ ಹೇಳಬಹುದು.

ಪಟ್ಟಿಯಲ್ಲಿ ‘ಕ್ಲೋಸ್-ವೇಟ್’ ಸ್ಥಿತಿಯವೇ ರಾಶಿ ಬಿದ್ದಿದ್ದರೆ ಈ ಯಾವ ಮದ್ದೂ ಬೇಡ. ಎದುರಿನವರು ಮುಗಿಸಿದ್ದಾರೆ, ನಮ್ಮ ಪ್ರೋಗ್ರಾಂ ಸಾಕೆಟ್ ಮುಚ್ಚಿಲ್ಲ. ‘ಎಸ್‌ಎಸ್ -ಟಿಎನ್‌ಪಿ’ ಆ ಪ್ರಕ್ರಿಯೆಯ ಹೆಸರನ್ನು ತೋರಿಸುತ್ತದೆ. ಮುಚ್ಚುವ ಕರೆ ತಪ್ಪಿರುವುದು ಹೆಚ್ಚಾಗಿ ಅದರ ದೋಷ ನಿರ್ವಹಣೆಯ ಕೋಡಿನಲ್ಲಿ, ಅಲ್ಲಿಂದಲೇ ಹುಡುಕಲು ಶುರು ಮಾಡಿ.